ಹಳೆಯ ಮೋಟಾರಿನ ಮಾಸಿದ ಬಣ್ಣ

ನಮ್ಮ ಊರುಗಳ ಬೀದಿಗಳಲ್ಲಿ ಇಂದಿಗೂ ಓಡಾಡುತ್ತಿರುವ ಹಳೆಯ ಮೋಟಾರು ಕಾರುಗಳನ್ನು ಗಮನಿಸಿದವರಿಗೆ ಒಂದು ಸಂಗತಿಯು ಕಣ್ಣಿಗೆ ಬೀಳದಿರದು. ಯಂತ್ರವು ಗಟ್ಟಿಮುಟ್ಟಾಗಿರುವುದು, ಗಾಲಿಗಳು ಸಲೀಸಾಗಿ ತಿರುಗುವುವು, ಒಳಗಿನ ಆಸನಗಳಿಗೂ ಹೇಳಿಕೊಳ್ಳುವಂಥ ಊನವಿರಲಾರದು. ಆದರೆ ಮೇಲ್ಛಾವಣಿಯೂ ಮುಂದಣ ಬಾನೆಟ್ಟೂ ಬೂದಿ ಬಳಿದಂತೆ ಮಂಕಾಗಿ, ಒಂದು ಕಾಲಕ್ಕೆ ಮುಖ ಕಾಣುವಂತೆ ಹೊಳೆಯುತ್ತಿದ್ದ ಬಣ್ಣವು ಮಂಜು ಕವಿದ ಕನ್ನಡಿಯಂತಾಗಿರುವುದು. ಒಡೆಯನು ಇದನ್ನು ಮನಸ್ಸಿಗೆ ಹಚ್ಚಿಕೊಂಡು ಬಣ್ಣದ ಕೆಲಸದವರ ಬಳಿಗೆ ಹೋದರೆ ಅಲ್ಲಿ ದೊರೆಯುವ ಉತ್ತರವು ಬಹುಮಟ್ಟಿಗೆ ಒಂದೇ: "ಪೂರ್ತಿ ಕೆರೆದು ಹೊಸದಾಗಿ ಹೊಡೆಸಿಬಿಡಿ, ಸ್ವಾಮಿ." ವಿಶ್ರಾಂತಿವೇತನವನ್ನು ನಂಬಿದ ಸಂಸಾರಕ್ಕೆ ಈ ಒಂದು ಮಾತು ಹಲವು ತಿಂಗಳ ಉಳಿತಾಯವನ್ನು ನುಂಗತಕ್ಕದ್ದು.

ಈ ಸಲಹೆಯು ಯಾವಾಗಲೂ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅನೇಕ ಸಂದರ್ಭಗಳಲ್ಲಿ ಅದು ಉಗುರಿನಿಂದ ಹೋಗುವುದಕ್ಕೆ ಕೊಡಲಿಯನ್ನೆತ್ತಿದಂತೆ ಎಂಬುದರಲ್ಲಿ ಸಂದೇಹವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಂತೆ, ಮಂಕಾಗಿರುವುದೆಲ್ಲ ಸತ್ತ ಬಣ್ಣವಲ್ಲ. ಮೇಲಣ ಕೂದಲೆಳೆಯಷ್ಟೂ ದಪ್ಪವಿಲ್ಲದ ಒಂದು ಪದರವು ಮಾತ್ರ ಕೆಟ್ಟು, ಅದರ ಕೆಳಗೆ ಜೀವಂತವಾದ ಬಣ್ಣವು ಉಳಿದಿರುವುದುಂಟು. ಮತ್ತೆ ಕೆಲವು ಕಡೆ ಎಷ್ಟು ತಿಕ್ಕಿದರೂ ಬಾರದಂತೆ ಬಣ್ಣವು ನಿಜವಾಗಿಯೇ ಅಳಿದಿರುವುದುಂಟು. ಇವೆರಡರ ಭೇದವನ್ನರಿಯದೆ ಹಣವನ್ನು ಚೆಲ್ಲುವುದೇ ಈಗಿನ ಪದ್ಧತಿ.

ಇದು ಪತ್ರಿಕೆಯ ಈ ಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಇದರಲ್ಲಿ ಗೃಹಸ್ಥನ ದುಡ್ಡಿದೆ. ನಮ್ಮ ದೇಶದಲ್ಲಿಯೇ ತಯಾರಾದ ವಸ್ತುಗಳ ಮರ್ಯಾದೆಯಿದೆ. ಬಣ್ಣ ಹೊಡೆಯುವ ಬಡ ಕೆಲಸಗಾರನ ಉಸಿರೂ ಇದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ತಯಾರಾದ ಅಂಬಾಸಿಡರು, ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ, ೧೯೮೩ರಿಂದ ೨೦೧೪ರ ವರೆಗೆ ಮಧ್ಯಮ ವರ್ಗದ ಮನೆಮನೆಗೂ ಬಂದ ಮಾರುತಿ ೮೦೦, ಇವು ಇನ್ನು ಹೊಸದಾಗಿ ಹುಟ್ಟಲಾರವು. ಮುಂಬಯಿಯ ಬೀದಿಗಳಿಂದ ಪದ್ಮಿನಿಯ ಕಪ್ಪು ಹಳದಿ ಟ್ಯಾಕ್ಸಿಯು ೨೦೨೩ರ ಅಕ್ಟೋಬರಿನಲ್ಲಿ ಕಡೆಯದಾಗಿ ಮರೆಯಾಯಿತು. ಉಳಿದಿರುವ ಗಾಡಿಗಳನ್ನಾದರೂ ತಿಳಿವಳಿಕೆಯಿಂದ ಕಾಪಾಡುವುದು ಲೇಸಲ್ಲವೆ?

ಬಣ್ಣವು ಮಾಸುವ ಬಗೆ

ಬಣ್ಣವೆಂಬುದು ಮೂರು ವಸ್ತುಗಳ ಕೂಟ. ಕಣ್ಣಿಗೆ ಕಾಣುವ ವರ್ಣವನ್ನು ಕೊಡುವ ಪುಡಿ ಒಂದು; ಆ ಪುಡಿಯನ್ನು ಹಿಡಿದು ತಗಡಿಗೆ ಅಂಟಿಸುವ ರಾಳ ಎರಡನೆಯದು; ಇವೆರಡನ್ನೂ ತೆಳ್ಳಗೆ ಹರಡುವಂತೆ ಮಾಡಿ ಬಳಿಕ ಆರಿಹೋಗುವ ದ್ರಾವಕ, ಎಂದರೆ ತಿನ್ನರು, ಮೂರನೆಯದು. ಚನ್ನಪಟ್ಟಣದ ಬೊಂಬೆಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಲ್ಲಿ ಅರಗು ಮಾಡುವ ಕೆಲಸವನ್ನೇ ಮೋಟಾರಿನ ಬಣ್ಣದಲ್ಲಿ ರಾಳವು ಮಾಡುವುದು. ಹೊಳಪು ಹುಟ್ಟುವುದು ಈ ರಾಳದ ನುಣುಪಾದ ಮೈಯಿಂದಲೇ ಹೊರತು ಪುಡಿಯಿಂದಲ್ಲ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಈ ರಾಳದ ಎಳೆಗಳನ್ನು ದಿನದಿನವೂ ಕಡಿಯುತ್ತವೆ. ರಾಳವು ಶಿಥಿಲವಾದ ಮೇಲೆ ಅದರ ಹಿಡಿತದಲ್ಲಿದ್ದ ಪುಡಿಯು ಮೇಲೆ ಸಡಿಲವಾಗಿ ನಿಲ್ಲುವುದು. ಸುಣ್ಣ ಹೊಡೆದ ಗೋಡೆಗೆ ಒರಗಿದವನ ಅಂಗಿಗೆ ಬಿಳಿ ಹತ್ತುವಂತೆ, ಇಂತಹ ಗಾಡಿಯನ್ನು ಮುಟ್ಟಿದವನ ಕೈಗೆ ಬಣ್ಣ ಹತ್ತುವುದು. ಬಿಳಿಯ ಬಣ್ಣಕ್ಕೆ ಬಳಸುವ ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿಯು ತಕ್ಕ ರಕ್ಷಣೆಯಿಲ್ಲದಿದ್ದರೆ ಬಿಸಿಲಿನೊಡನೆ ಸೇರಿಕೊಂಡು ತನ್ನನ್ನು ಹಿಡಿದ ರಾಳವನ್ನೇ ತಿನ್ನುವುದೆಂಬುದು ರಸಾಯನಜ್ಞರಿಗೆ ತಿಳಿದ ಸಂಗತಿ. ಕೆಂಪು ಬಣ್ಣಗಳದು ಬೇರೆ ಬಗೆಯ ಕಷ್ಟ. ಅವುಗಳಲ್ಲಿ ಹಲವು ಪುಡಿಗಳು ತಾವೇ ಬಿಸಿಲಿಗೆ ಬಿಳಿಚಿಕೊಳ್ಳುತ್ತವೆ.

ಮೈಸೂರಿನಲ್ಲಿ ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ೧೯೬೨ರಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಆ ಶಾಯಿಯೂ ಉಗುರು ಬೆಳೆದಂತೆ ಹೋಗಲೇಬೇಕು. ಬಿಸಿಲಿಗೂ ಕಾಲಕ್ಕೂ ಸೋಲದ ಬಣ್ಣವು ಲೋಕದಲ್ಲಿಲ್ಲ. ಸೋಲನ್ನು ಮುಂದೂಡುವುದಷ್ಟೇ ನಮ್ಮ ಕೈಯಲ್ಲಿರುವುದು.

ಎರಡು ಕಾಲದ ಎರಡು ಬಣ್ಣ

ಮೊದಮೊದಲು ಮೋಟಾರುಗಳಿಗೆ ಕುದುರೆ ಸಾರೋಟುಗಳಿಗೆ ಬಳಿಯುವಂತೆ ಕುಂಚದಿಂದ ವಾರ್ನಿಷನ್ನು ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ೧೯೨೩-೨೪ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯವರು ಡ್ಯೂಕೋ ಎಂಬ ಬೇಗ ಆರುವ ಬಣ್ಣವನ್ನು ಓಕ್‌ಲ್ಯಾಂಡ್ ಕಾರುಗಳಿಗೆ ಹಾಕಿಸಿದ ಮೇಲೆ ಈ ಕಾಲಹರಣವು ತಪ್ಪಿತು. ಆ ಹೆಸರು ನಮ್ಮ ಓಣಿಗಳಲ್ಲಿ ಇಂದಿಗೂ ಉಳಿದಿದೆ; ಬಡಗಿಯೂ "ಡ್ಯೂಕೋ ಹೊಡೆಸಿ" ಎನ್ನುತ್ತಾನೆ. ಬಳಿಕ ಕುಲುಮೆಯಲ್ಲಿ ಬೇಯಿಸುವ ಎನಾಮಲು ಬಣ್ಣಗಳು ಬಂದವು. ಇವೆಲ್ಲವುಗಳಲ್ಲಿಯೂ ಬಣ್ಣವೇ ಹೊಳಪಿನ ಪದರವೂ ಆಗಿರುತ್ತಿತ್ತು. ಹಳೆಯ ಬಿಳಿ ಅಂಬಾಸಿಡರಿನಂತಹ ಸಾದಾ ಬಣ್ಣದ ಗಾಡಿಗಳಲ್ಲಿ ಬಹುಮಟ್ಟಿಗೆ ಇರುವುದು ಈ ಬಗೆ.

೧೯೭೦-೮೦ರ ದಶಕಗಳಿಂದೀಚೆಗೆ ಲೋಕದ ಕಾರ್ಖಾನೆಗಳಲ್ಲಿ ಬೇರೊಂದು ಪದ್ಧತಿಯು ಹಬ್ಬಿತು. ಕೆಳಗೆ ತೆಳ್ಳಗೆ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಗಾಜಿನಂತಹ ಒಂದು ಪದರ. ಇದಕ್ಕೆ ಕ್ಲಿಯರ್ ಕೋಟ್ ಎಂದು ಹೆಸರು. ಬಿಸಿಲನ್ನು ತಡೆಯುವ ದ್ರವ್ಯಗಳನ್ನು ಈ ಪದರದಲ್ಲಿಯೇ ಸೇರಿಸಿರುತ್ತಾರೆ. ಇದರ ದಪ್ಪವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ೩೫ರಿಂದ ೫೦ ಪಾಲು ಮಾತ್ರ. ಮಿನುಗುವ ಲೋಹಬಣ್ಣದ ಗಾಡಿಗಳೂ ಈಚಿನ ಹೆಚ್ಚಿನ ಗಾಡಿಗಳೂ ಈ ವರ್ಗಕ್ಕೆ ಸೇರಿದವು. ಹಳೆಯ ಗಾಡಿಗೆ ನಡುವೆ ಯಾರಾದರೂ ಮತ್ತೆ ಬಣ್ಣ ಹೊಡೆಸಿದ್ದರೆ ಅದು ಯಾವ ಬಗೆಯದೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ನಿದಾನ

ಆಯುರ್ವೇದದಲ್ಲಿ ಚಿಕಿತ್ಸೆಗೆ ಮೊದಲು ನಿದಾನ. ರೋಗವನ್ನು ಗುರುತಿಸದೆ ಔಷಧ ಕೊಡುವವನನ್ನು ನಾವು ವೈದ್ಯನೆನ್ನುವುದಿಲ್ಲ. ಬಣ್ಣದ ವಿಷಯದಲ್ಲಿಯೂ ಈ ಕ್ರಮವೇ ಸರಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಮೊದಲು ಗಾಡಿಯನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಬಳಿಕ ಮಂಕಾದೆಡೆಯಲ್ಲಿ ಸ್ವಲ್ಪ ನೀರು ಸವರಿ ನೋಡಬೇಕು. ಒದ್ದೆಯಾದಾಗ ಬಣ್ಣವು ಕಳೆಯೇರಿ, ಒಣಗಿದೊಡನೆ ಮತ್ತೆ ಮಂಕಾದರೆ, ಕೆಟ್ಟಿರುವುದು ಮೇಲ್ಮೈಯ ನುಣುಪು ಮಾತ್ರವೆಂದು ಬಹುಮಟ್ಟಿಗೆ ನಂಬಬಹುದು. ಎರಡನೆಯದಾಗಿ, ಕಾಣದ ಮೂಲೆಯೊಂದರಲ್ಲಿ ಬಟ್ಟೆಗೆ ಸ್ವಲ್ಪ ಪಾಲಿಷು ಹಚ್ಚಿ ಮೆಲ್ಲಗೆ ತಿಕ್ಕಬೇಕು. ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಅದು ಹಳೆಯ ಕಾಲದ ಒಂದೇ ಬಗೆಯ ಬಣ್ಣ. ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟಿದೆ. ಬಿಳಿಯ ಗಾಡಿಯನ್ನು ಪರೀಕ್ಷಿಸುವವರು ಕಪ್ಪು ಬಟ್ಟೆಯನ್ನು ತೆಗೆದುಕೊಳ್ಳತಕ್ಕದ್ದು.

ಮೂರನೆಯದಾಗಿ, ಮಂಕಿನ ಅಂಚನ್ನು ನೋಡಬೇಕು. ಭೂಪಟದಲ್ಲಿಯ ದ್ವೀಪಗಳಂತೆ ಅಂಚುಗಳು ಸ್ಪಷ್ಟವಾಗಿದ್ದು, ಉಗುರಿಗೆ ಸಿಪ್ಪೆಯಂತೆ ತಗಲಿದರೆ, ಕ್ಲಿಯರ್ ಕೋಟು ಕಿತ್ತುಬರುತ್ತಿದೆಯೆಂದು ತಿಳಿಯಬೇಕು. ಇದಕ್ಕೆ ಯಾವ ಪಾಲಿಷೂ ಮದ್ದಲ್ಲ. ನಾಲ್ಕನೆಯದಾಗಿ, ಉಂಗುರದಂತಹ ಬಿಳಿಯ ಕಲೆಗಳಿದ್ದರೆ ಅವು ಗಡಸು ನೀರಿನ ಸುಣ್ಣದವು. ಕೊಳವೆಬಾವಿಯ ನೀರಿನಿಂದ ಬಿಸಿಲಿನಲ್ಲಿ ಗಾಡಿ ತೊಳೆಯುವ ಬಯಲುಸೀಮೆಯವರಿಗೆ ಇವು ಪರಿಚಿತವೇ.

ಕಡೆಯದಾಗಿ, ಹೊಸ ಬಣ್ಣವೇ ಮೋಡ ಕವಿದಂತಾಗುವ ಒಂದು ಬಗೆಯುಂಟು. ಡ್ಯೂಕೋ ಜಾತಿಯ ಬಣ್ಣವನ್ನು ಮಳೆಗಾಲದ ಹಸಿ ಗಾಳಿಯಲ್ಲಿ ಹೊಡೆದರೆ, ತಿನ್ನರು ಆರುವ ವೇಗಕ್ಕೆ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವು ಅದರ ಮೇಲೆ ಇಳಿಯುವುದು. ಬಣ್ಣವು ಹಾಲು ಬೆರೆತಂತೆ ಬೆಳ್ಳಗಾಗುವುದು. ಮಲೆನಾಡು ಕರಾವಳಿಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಬಣ್ಣ ಹೊಡೆಸುವವರು ಇದನ್ನು ನೆನಪಿನಲ್ಲಿಡಬೇಕು. ಇದು ಬಿಸಿಲಿನ ದೋಷವಲ್ಲ, ಕಾಲವನ್ನು ನೋಡದೆ ಮಾಡಿದ ಕೆಲಸದ ದೋಷ, ಕೆಲಸದವನೇ ಸರಿಪಡಿಸಿಕೊಡತಕ್ಕದ್ದು.

ಚಿಕಿತ್ಸೆ

ಮೇಲ್ಮೈ ಮಾತ್ರ ಕೆಟ್ಟಿದೆಯೆಂದು ಗೊತ್ತಾದವರು ಧೈರ್ಯವಾಗಿ ತಾವೇ ಕೆಲಸಕ್ಕೆ ಕೈಹಾಕಬಹುದು. ಗಾಡಿಯು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಪಾತ್ರೆ ತೊಳೆಯುವ ಸಾಬೂನನ್ನು ಬಿಟ್ಟು ಗಾಡಿಗೆಂದೇ ದೊರೆಯುವ ಮೃದುವಾದ ಶಾಂಪೂವನ್ನು ಬಳಸಬೇಕು. ಎರಡು ಬಕೆಟ್ಟು ನೀರು ಸಾಕು: ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬಟ್ಟೆಯ ಮಣ್ಣನ್ನು ಜಾಲಿಸುವ ನೀರು. ಬೆಂಗಳೂರಿನಲ್ಲಿ ೨೦೨೪ರ ಮಾರ್ಚಿಯಲ್ಲಿ ನೀರಿನ ಅಭಾವವುಂಟಾದಾಗ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ ಜಲಮಂಡಲಿಯು ೫,೦೦೦ ರೂಪಾಯಿಗಳ ದಂಡವನ್ನು ವಿಧಿಸಿದ್ದನ್ನು ವಾಚಕರು ಮರೆತಿರಲಾರರು. ಕೊಳಾಯಿ ಬಿಟ್ಟುಕೊಂಡು ತೊಳೆಯುವುದರಿಂದ ಗಾಡಿಗೆ ವಿಶೇಷ ಲಾಭವೇನೂ ಇಲ್ಲ.

ನೀರಿನ ಕಲೆಗಳಿದ್ದರೆ ವಿನಿಗರಿಗೆ ಸಮಪಾಲು ನೀರು ಬೆರೆಸಿ, ತಣ್ಣಗಿರುವ ತಗಡಿನ ಮೇಲೆ ಒರೆಸಿ, ಕೂಡಲೇ ಶುದ್ಧ ನೀರಿನಿಂದ ತೊಳೆಯಬೇಕು. ಬಳಿಕ ರಬ್ಬಿಂಗ್ ಕಾಂಪೌಂಡಿನ ಕೆಲಸ. ಇದು ಎಲ್ಲಕ್ಕಿಂತ ಎಚ್ಚರಿಕೆಯ ಘಟ್ಟ. ಕಾಂಪೌಂಡೆಂದರೆ ನಯವಾದ ಮರಳೇ ಸರಿ. ಅದು ಹೊಳಪನ್ನು ತಂದಿಡುವುದಿಲ್ಲ, ಕೆಟ್ಟ ಪದರವನ್ನು ಕೆರೆದು ಕೆಳಗಿರುವ ಹೊಳಪನ್ನು ತೋರಿಸುವುದು. ಆದುದರಿಂದ ಅತ್ಯಂತ ನಯವಾದುದರಿಂದಲೇ ಆರಂಭಿಸಿ, ಅಂಗೈಯಗಲದ ಜಾಗದಲ್ಲಿ ಪರೀಕ್ಷಿಸಿ, ಅದರಿಂದ ಆಗದಿದ್ದರೆ ಮಾತ್ರ ಒರಟಾದುದಕ್ಕೆ ಹೋಗಬೇಕು. ಅಂಚುಗಳಲ್ಲಿಯೂ ಏಣುಗಳಲ್ಲಿಯೂ ಬಣ್ಣವು ಬಹು ತೆಳ್ಳಗಿರುವುದರಿಂದ ಅಲ್ಲಿಗೆ ಕಾಗದದ ಪಟ್ಟಿಯನ್ನು ಅಂಟಿಸಿ ಕಾಪಾಡಿಕೊಳ್ಳಬೇಕು. ಹಳೆಯ ಬಗೆಯ ಬಣ್ಣವು ಬಟ್ಟೆಗೆ ಬೇಗನೆ ತುಂಬಿಕೊಳ್ಳುವುದು. ಬಟ್ಟೆಯನ್ನು ಮೇಲಿಂದ ಮೇಲೆ ಬದಲಾಯಿಸಬೇಕು. ಯಂತ್ರದಿಂದ ಬಫಿಂಗ್ ಮಾಡಿಸುವವರು, ಕೆಲಸದವನು ಒಂದೇ ಕಡೆ ಯಂತ್ರವನ್ನು ನಿಲ್ಲಿಸದಂತೆ ಕಣ್ಣಿಟ್ಟಿರಬೇಕು. ಎರಡು ನಿಮಿಷದ ಅಜಾಗ್ರತೆಯಿಂದ ಕೆಳಗಿನ ಪ್ರೈಮರು ಹೊರಬಿದ್ದರೆ ಮತ್ತೆ ಮುಚ್ಚುವ ಉಪಾಯವಿಲ್ಲ.

ಕ್ಲಿಯರ್ ಕೋಟಿನ ಗಾಡಿಯಲ್ಲಿ ಇನ್ನೂ ಹೆಚ್ಚಿನ ಸಂಯಮವು ಅವಶ್ಯ. ಕೆರೆದಷ್ಟೂ ಬಿಸಿಲನ್ನು ತಡೆಯುವ ಪದರವೇ ಕರಗುವುದು. ವರ್ಷವರ್ಷವೂ ಆಯುಧಪೂಜೆಗೆ ಬಫಿಂಗ್ ಮಾಡಿಸಿ ಹೊಳಪನ್ನು ಮೆಚ್ಚಿಕೊಳ್ಳುವವರು ಅಸಲನ್ನು ತಿಂದು ಬಡ್ಡಿಯೆಂದು ತಿಳಿದವರಂತೆ.

ಸೀಮೆಎಣ್ಣೆ, ಡೀಸಲು, ಕೊಬ್ಬರಿ ಎಣ್ಣೆಗಳಿಂದ ಒರೆಸುವ ರೂಢಿಯು ನಮ್ಮ ಚಾಲಕರಲ್ಲಿ ಬಹು ಹಳೆಯದು. ಒದ್ದೆಯಾದ ಬಣ್ಣವು ಕಳೆಯೇರುವಂತೆ ಎಣ್ಣೆ ಸವರಿದ ಬಣ್ಣವೂ ಕಳೆಯೇರುವುದು ನಿಜ. ಆದರೆ ಸಂಜೆಯೊಳಗೆ ರಸ್ತೆಯ ಧೂಳೆಲ್ಲ ಅದಕ್ಕೆ ಹತ್ತುವುದು. ಮರುದಿನ ಒರೆಸುವಾಗ ಆ ಧೂಳೇ ಗೀರುಗಳನ್ನೆಳೆಯುವುದು. ಹೆಂಗಳೆಯರ ಮುಖದ ಮೇಲಿನ ಪೌಡರಿನಷ್ಟೂ ಬಾಳದ ಈ ಶೃಂಗಾರದಿಂದ ಬಣ್ಣಕ್ಕೆ ಕೇಡಲ್ಲದೆ ಒಳಿತಿಲ್ಲ.

ಇನ್ನು ಸಿಪ್ಪೆ ಏಳುತ್ತಿರುವ ಬಣ್ಣದ ಮಾತು. ಅಲ್ಲಿ ಹೊಸ ಬಣ್ಣವೇ ಗತಿ. ಆದರೆ ಅಲ್ಲಿಯೂ ಗಾಡಿಗೆ ಗಾಡಿಯನ್ನೇ ಕೆರೆಸಬೇಕಾಗಿಲ್ಲ. ಬಿಸಿಲು ನೇರವಾಗಿ ಬೀಳುವ ಮೇಲ್ಛಾವಣಿ, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಈ ಮೂರೇ ಮೊದಲು ಕೆಡುವುವು. ಬಾಗಿಲುಗಳು ಅನೇಕ ವೇಳೆ ಚೆನ್ನಾಗಿಯೇ ಇರುವುವು. ಕೆಟ್ಟ ಭಾಗಕ್ಕೆ ಮಾತ್ರ ಹೊಡೆಸಿ, ಉಳಿದುದನ್ನು ತಿಕ್ಕಿ ಹೊಂದಿಸಿದರೆ ಖರ್ಚು ತಗ್ಗುವುದಲ್ಲದೆ ಕಾರ್ಖಾನೆಯ ಮೂಲ ಬಣ್ಣವೂ ಉಳಿಯುವುದು. ಬಣ್ಣವನ್ನೇ ಬದಲಾಯಿಸಬೇಕೆನ್ನುವವರು, ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣವೂ ದಾಖಲಾಗಿರುವುದನ್ನು ನೆನೆದು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಪಥ್ಯ

ಔಷಧಕ್ಕಿಂತ ಪಥ್ಯ ಹೆಚ್ಚು. ತಿಕ್ಕಿ ಹೊಳಪು ತಂದ ಬಣ್ಣಕ್ಕೆ ಮೇಣದ ಹೊದಿಕೆಯಿಲ್ಲದಿದ್ದರೆ ಬರುವ ಬೇಸಿಗೆಯಲ್ಲಿ ಅದೇ ಕಥೆ. ನಮ್ಮ ಬಿಸಿಲು ಮಳೆಗಳಲ್ಲಿ ಮೇಣವು ಕೆಲವು ತಿಂಗಳಿಗಿಂತ ಹೆಚ್ಚು ನಿಲ್ಲಲಾರದು. ಬೇಸಿಗೆಯ ಬಿಸಿಲಿಗೆ ಮುನ್ನ ಯುಗಾದಿಗೊಮ್ಮೆ, ಮಳೆಗಾಲವು ಕಳೆದ ಮೇಲೆ ಆಯುಧಪೂಜೆಗೊಮ್ಮೆ ಮೇಣ ಹಚ್ಚುವ ನಿಯಮವನ್ನಿಟ್ಟುಕೊಂಡರೆ ಪಂಚಾಂಗವೇ ಜ್ಞಾಪಿಸುವುದು. ಪೂಜೆಯಂದು ಬಳಿದ ಅರಿಸಿನ ಕುಂಕುಮಗಳ ಕಲೆಯೂ, ನಿಂಬೆಹಣ್ಣಿನ ಹುಳಿಯೂ ಬಿಸಿಲಿನಲ್ಲಿ ಬಣ್ಣಕ್ಕಿಳಿಯುವುವು. ಭಕ್ತಿಗೆ ಕೊರತೆಯಿಲ್ಲದಂತೆ ಪೂಜಿಸಿ, ಮರುದಿನವೇ ನೀರಿನಿಂದ ತೊಳೆದುಬಿಟ್ಟರೆ ದೇವಿಯು ಮುನಿಯಲಾರಳು.

ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುವುದರಿಂದ ಅದನ್ನು ಒಣಗಗೊಡದೆ, ಮೊದಲು ನೀರಿನಿಂದ ನೆನೆಸಿ ಬಳಿಕ ತೆಗೆಯಬೇಕು. ಮರದ ನೆರಳು ಒಳ್ಳೆಯದೇ, ಆದರೆ ಅಂಟು ಸುರಿಸುವ ಮರವಾದರೆ ಬಿಸಿಲೇ ಮೇಲು. ಪ್ಲಾಸ್ಟಿಕ್ಕಿನ ಹೊದಿಕೆಯು ತೇವವನ್ನು ಒಳಗೇ ಹಿಡಿದಿಟ್ಟು ಬಣ್ಣವನ್ನು ಮಂಕು ಮಾಡುವುದು, ತುಕ್ಕನ್ನೂ ಕರೆಯುವುದು. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು, ಅದೂ ಶುಭ್ರವಾಗಿ ಒಣಗಿದ ಗಾಡಿಗೆ ಮಾತ್ರ ಹೊದಿಸಬೇಕು.

ಹೊರಗೆ ಥಳುಕು

ಹಳೆಯ ಗಾಡಿಯನ್ನು ಕೊಳ್ಳುವವರಿಗೆ ನಮ್ಮದೊಂದು ಮಾತು. ಮಾಸಿದ ಮೂಲ ಬಣ್ಣವು ಸತ್ಯವಂತ. ಅದು ಗಾಡಿಯ ವಯಸ್ಸನ್ನು ಮುಚ್ಚಿಡುವುದಿಲ್ಲ. ಮಾರುವ ಮುನ್ನಾ ವಾರ ಹೊಡೆಸಿದ ಹೊಸ ಬಣ್ಣವೇ ಸಂಶಯಕ್ಕೆ ಎಡೆ. ಹೊರಗೆ ಥಳುಕು, ಒಳಗೆ ಹುಳುಕು. ಸಣ್ಣದೊಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗಕ್ಕೂ ಗಾಲಿಯ ಮೇಲಣ ಕಮಾನಿಗೂ ಹಿಡಿದು ನೋಡಿದರೆ, ತುಕ್ಕು ತಿಂದ ತಗಡಿನ ಜಾಗದಲ್ಲಿ ದಪ್ಪ ಪುಟ್ಟಿಯನ್ನು ತುಂಬಿರುವೆಡೆ ಅದು ಹಿಡಿಯದು. ಖಾಸಗಿ ಗಾಡಿಯ ನೋಂದಣಿಯು ೧೫ ವರ್ಷಗಳಿಗೆ ಮುಗಿದು, ಮುಂದೆ ಐದೈದು ವರ್ಷಗಳಿಗೆ ನವೀಕರಣವಾಗಬೇಕಾಗಿರುವ ನಮ್ಮ ಕಾನೂನಿನಲ್ಲಿ, ಗಾಡಿಯ ಆಯುಸ್ಸನ್ನು ನಿರ್ಧರಿಸತಕ್ಕುದು ಯಂತ್ರವೂ ತಡೆಗಳೂ ತಗಡಿನ ಗಟ್ಟಿತನವೂ ಹೊರತು ಬಣ್ಣದ ಮಿಂಚಲ್ಲ.

ಅಂತರರಾಷ್ಟ್ರೀಯ ಪ್ರಾಚೀನ ವಾಹನ ಸಂಘದವರು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನಲ್ಲಿ, ಹಳೆಯ ವಾಹನವನ್ನು ಹೊಸದರಂತೆ ಮಾಡುವುದಕ್ಕಿಂತ ಇದ್ದುದನ್ನು ಇದ್ದಂತೆ ಉಳಿಸುವುದೇ ಶ್ರೇಷ್ಠವೆಂಬ ತತ್ತ್ವವನ್ನು ಎತ್ತಿಹಿಡಿದಿದ್ದಾರೆ. ಭಾರತ ಸರ್ಕಾರವು ೨೦೨೧ರಲ್ಲಿ ಮಾಡಿದ ನಿಯಮಗಳೂ ೫೦ ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಡುತ್ತವೆ. ಹಳೆಯದನ್ನು ಹಳೆಯದಾಗಿಯೇ ಗೌರವಿಸುವ ಬುದ್ಧಿಯು ಲೋಕದಲ್ಲಿ ಬೆಳೆಯುತ್ತಿರುವಾಗ ನಾವು ಮಾತ್ರ ಕೆರೆಯುವ ಕೆಲಸದಲ್ಲಿ ಮುಂದಾಗುವುದು ಶೋಭಿಸದು.

ಕೆಲಸಗಾರನ ಉಸಿರು

ಕಡೆಯದಾಗಿ ಹೇಳಬೇಕಾದ ಮಾತು ಎಲ್ಲಕ್ಕಿಂತ ಗಂಭೀರವಾದುದು. ಈಗ ಬಳಕೆಯಲ್ಲಿರುವ ಪಿಯು ಬಣ್ಣಗಳಿಗೆ ಬೆರೆಸುವ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿದೆ. ಇದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸರೋಗವು ತಗಲುವುದೆಂಬುದು ವೈದ್ಯಲೋಕದಲ್ಲಿ ಚೆನ್ನಾಗಿ ತಿಳಿದಿರುವ ವಿಷಯ. ಒಮ್ಮೆ ತಗಲಿದವನಿಗೆ ಬಳಿಕ ಅದರ ಸೋಂಕು ಲೇಶಮಾತ್ರವಾದರೂ ಕಂಟಕವೇ. ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವೇ ಇದಕ್ಕೆ ತಕ್ಕ ರಕ್ಷಣೆ. ನಮ್ಮ ರಸ್ತೆ ಬದಿಯ ಕೊಟ್ಟಿಗೆಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಮೂಗಿಗೆ ಕರವಸ್ತ್ರವನ್ನು ಕಟ್ಟಿಕೊಂಡು ಇಡೀ ದಿನ ಈ ತುಂತುರಿನ ನಡುವೆ ನಿಲ್ಲುವುದನ್ನು ಯಾರು ಕಂಡಿಲ್ಲ? ಕರವಸ್ತ್ರವು ಧೂಳನ್ನು ತಡೆದೀತು, ಆವಿಯನ್ನು ತಡೆಯಲಾರದು.

ಹಳೆಯ ಬಣ್ಣಗಳಲ್ಲಿ ಸೀಸದ ಅಂಶವಿರುವುದೂ ಉಂಟು. ಮನೆಗೂ ಅಲಂಕಾರಕ್ಕೂ ಬಳಸುವ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ ೯೦ ಪಾಲಿಗೆ ಮಿತಿಗೊಳಿಸುವ ಕೇಂದ್ರ ನಿಯಮಗಳಾದುದೇ ೨೦೧೬ರಲ್ಲಿ. ಆದುದರಿಂದ ಹಳೆಯ ಗಾಡಿಯನ್ನು ಒಣಗಿದ ಕಾಗದದಿಂದ ಉಜ್ಜಿ ಧೂಳೆಬ್ಬಿಸದೆ, ವಾಟರ್ ಪೇಪರಿನಿಂದ ನೀರು ಹಾಕುತ್ತ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ನಮ್ಮ ವಾಚಕರಲ್ಲಿ ಅಧಿಕಾರಿಗಳೂ ಇದ್ದಾರೆ, ಗಾಡಿಯ ಒಡೆಯರೂ ಇದ್ದಾರೆ. ಕಾರ್ಮಿಕ ಇಲಾಖೆಯವರು ದೊಡ್ಡ ಕಾರ್ಖಾನೆಗಳ ಬಾಗಿಲನ್ನು ತಟ್ಟುವಂತೆ ಈ ಕೊಟ್ಟಿಗೆಗಳ ಬಾಗಿಲನ್ನೂ ತಟ್ಟಿ, ಮುಖವಾಡಗಳಿವೆಯೇ ಎಂದು ನೋಡಲಿ. ಒಡೆಯರು ಬಣ್ಣದ ದರವನ್ನು ಕೇಳುವ ಮೊದಲು, ಹೊಡೆಯುವವನ ಮೂಗಿಗೆ ಏನು ಕಟ್ಟುವಿರೆಂದು ಕೇಳಲಿ. ಅದಕ್ಕಾಗಿ ನೂರಿನ್ನೂರು ಹೆಚ್ಚು ತೆರಬೇಕಾದರೆ ಸಂತೋಷದಿಂದ ತೆರಲಿ. ಬೇಡದ ಬಣ್ಣವನ್ನು ಹೊಡೆಸದಿರುವುದರಿಂದ ಉಳಿಯುವ ಹಣದಲ್ಲಿ ಇದು ಎಷ್ಟರ ಪಾಲು? ಒಂದು ತುಂಡು ಬಟ್ಟೆ, ಒಂದು ಬಕೆಟ್ಟು ನೀರು, ಒಂದು ದಿನದ ತಾಳ್ಮೆ, ಇಷ್ಟರಿಂದ ಆಗುವ ಕೆಲಸಕ್ಕೆ ಒಬ್ಬ ಹುಡುಗನ ಎದೆಯನ್ನು ಬೆಲೆಯಾಗಿ ಕೊಡುವುದು ಯಾವ ನ್ಯಾಯಕ್ಕೂ ಒಪ್ಪತಕ್ಕದ್ದಲ್ಲ.